ಪಠ್ಯದ ಹೊರಗಿನ ಪಾಠಗಳು: ವಿಜ್ಞಾನ ವಿದ್ಯಾರ್ಥಿ ಎಚ್. ನರಸಿಂಹಯ್ಯ

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಹೊರಟವರಿಗೆ ನಾಯಂಡಹಳ್ಳಿ ಇಂದು ಊರೆಂದು ತೋರುವುದಿಲ್ಲ. ಹೊರವರ್ತುಲ ರಸ್ತೆ ಬಂದು ಸೇರುವ ಕೂಡುದಾರಿ, ಮೇಲ್ಸೇತುವೆ, ಮೆಟ್ರೋ ಕಂಬಗಳು, ಮಗ್ಗುಲಲ್ಲಿ ನಗರದ ಕೊಳೆಯನ್ನೆಲ್ಲ ಹೊತ್ತು ಸಾಗುವ ವೃಷಭಾವತಿ. ಕಣ್ಣಿಗೆ ಬೀಳುವುದು ಇಷ್ಟೆ. ಆದರೆ ಎಪ್ಪತ್ತರ ದಶಕದ ವಿದ್ಯಾರ್ಥಿಗೆ ಈ ಹೆಸರು ಒಂದು ಗಡಿಯ ಗುರುತಾಗಿತ್ತು. ನಗರ ಅಲ್ಲಿಗೆ ಮುಗಿಯುತ್ತಿತ್ತು, ಅದರಾಚೆ ಜ್ಞಾನಭಾರತಿ. ಸುಮಾರು 1,100 ಎಕರೆಯ ಆ ಬಯಲಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ನೆಲೆಯೂರುತ್ತಿದ್ದ ಕಾಲಕ್ಕೆ ಅದರ ಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯ. ಭೌತವಿಜ್ಞಾನದ ಮೇಷ್ಟ್ರು, ಖಾದಿಧಾರಿ, ಬ್ರಹ್ಮಚಾರಿ. ಅವರನ್ನು ಆಡಳಿತಗಾರರೆಂದೂ ವಿಚಾರವಾದಿಯೆಂದೂ ನೆನೆಯುವವರು ಬಹಳ. ಆದರೆ ಅವರು ತಮ್ಮ ಆತ್ಮಕಥನ ‘ಹೋರಾಟದ ಹಾದಿ’ಯಲ್ಲಿ ತಿರುಗಿ ನೋಡುವ ಬದುಕಿನ ಬುಡದಲ್ಲಿರುವುದು ಒಬ್ಬ ವಿದ್ಯಾರ್ಥಿ. ಆ ವಿದ್ಯಾರ್ಥಿ ಕಲಿತದ್ದೇನು, ಎಲ್ಲಿ ಕಲಿತ ಎಂಬುದು ಜ್ಞಾನಭಾರತಿಯ ಕಥೆಗೂ ಸಂಬಂಧಪಟ್ಟ ಪ್ರಶ್ನೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ನರಸಿಂಹಯ್ಯನವರದು ಕೂಲಿಯ ಆಸರೆಯಲ್ಲಿ ನಡೆದ ಬಡ ಸಂಸಾರ. ಊರಿನಲ್ಲಿ ಎಂಟನೆಯ ತರಗತಿ ಮುಗಿಯಿತು, ಮುಂದೆ ಹೈಸ್ಕೂಲಿರಲಿಲ್ಲ. ಹಿಂದೆ ಅಲ್ಲಿ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರು ಬಾ ಎಂದರು. ಪ್ರಯಾಣಕ್ಕೆ ದುಡ್ಡಿರಲಿಲ್ಲ. 1935ರಲ್ಲಿ ಹುಡುಗ ಸುಮಾರು 85 ಕಿಲೋಮೀಟರ್ ದೂರವನ್ನು ಎರಡು ದಿನ ನಡೆದು ಬಸವನಗುಡಿ ಮುಟ್ಟಿದ. ಈ ನಡಿಗೆಯನ್ನು ಮುಂದೆ ಅಭಿನಂದನ ಭಾಷಣಗಳು ದಂತಕಥೆಯ ಮಟ್ಟಕ್ಕೇರಿಸಿದವು. ದಂತಕಥೆಯನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಒಂದು ಸರಳ ಸಂಗತಿ: ವಿದ್ಯೆ ಇರುವ ಜಾಗಕ್ಕೂ ವಿದ್ಯಾರ್ಥಿ ಇರುವ ಜಾಗಕ್ಕೂ ನಡುವಿನ ದೂರವನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ, ಕಾಲಿನಿಂದ ಅಳೆದವರು.

ಮರುವರ್ಷ, 1936ರಲ್ಲಿ, ಗಾಂಧೀಜಿ ಬೆಂಗಳೂರಿಗೆ ಬಂದರು. ಅವರು ಶಾಲೆಗೆ ಭೇಟಿ ಕೊಟ್ಟಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಈ ಹಳ್ಳಿಯ ಹುಡುಗನ ಪಾಲಿಗೆ ಬಂತು. ಜೀವನಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇದನ್ನು ದೇಶಭಕ್ತಿಯ ದೀಕ್ಷೆಯಂತೆ ಕಾಣುತ್ತಾರೆ. ಖಾದಿಯ ನಿಷ್ಠೆ ಆಜೀವ ಉಳಿದದ್ದರಿಂದ ಹಾಗೆ ಕಾಣುವುದು ತಪ್ಪಲ್ಲ. ಆದರೆ ಅನುವಾದದ ಕಸುಬು ಬಲ್ಲವರಿಗೆ ಇನ್ನೊಂದು ಮಗ್ಗುಲೂ ಕಂಡೀತು. ಎದುರಿಗಿರುವ ಜನಕ್ಕೆ ಮಾತು ತಲುಪಬೇಕು, ಅದೂ ಆ ಕ್ಷಣದಲ್ಲಿ, ಹೇಳಿದವರ ಅರ್ಥ ಕೆಡದಂತೆ. ಮುಂದೆ ಭೌತವಿಜ್ಞಾನವನ್ನು ತರಗತಿಯ ಹೊರಗಿನವರಿಗೆ ಮುಟ್ಟಿಸಲು ಅರ್ಧ ಶತಮಾನ ಹೆಣಗಿದ ಮನುಷ್ಯನ ಮೊದಲ ಅಭ್ಯಾಸ ಇದೇ ಆಗಿದ್ದಿರಬಹುದು.

ಮುಂದಿನದು ಸೆಂಟ್ರಲ್ ಕಾಲೇಜು, ಭೌತವಿಜ್ಞಾನದ ಆನರ್ಸ್. ಮೈಸೂರು ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಮಾನವಿಕ ವಿದ್ಯೆಗೆ ಮೈಸೂರಿನ ಮಹಾರಾಜ ಕಾಲೇಜು ಹೇಗೋ ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಹಾಗೆ. ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಶೋಧವನ್ನು ವಿದ್ವತ್ಸಭೆಯ ಮುಂದೆ ವಿವರಿಸಿದ್ದು 1928ರ ಮಾರ್ಚ್ 16ರಂದು, ಅಲ್ಲಿಯೇ. ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದ ಮತ್ತೊಂದು ಸಂಗತಿಯಿದೆ. ಆ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಗೆ ದುಡಿದವರು. ಅವರೇ ಸಾಹಿತ್ಯ ಪರಿಷತ್ತಿಗಾಗಿ 1931ರಲ್ಲಿ ಪಂಪಭಾರತವನ್ನು ಸಂಪಾದಿಸಿ ಕೊಟ್ಟವರು. ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಮೊಳೆತದ್ದು ಆ ಕಾಲೇಜಿನ ಕರ್ಣಾಟಕ ಸಂಘದಲ್ಲಿ. ಆದಿಕವಿಯ ಪಾಠಾಂತರ ನೋಡುವ ಕಣ್ಣಿಗೂ ಬೆಳಕಿನ ವಕ್ರೀಭವನ ನೋಡುವ ಕಣ್ಣಿಗೂ ಅಲ್ಲಿ ಗೋಡೆಯಿರಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರ ಓದಿದ್ದೂ ಅಲ್ಲೇ. ಅವರ ‘ಶಾಸನಗಳಲ್ಲಿ ಗಿಡಮರಗಳು’ ಇಂಥ ನೆಲದಲ್ಲಿ ಬೇರುಬಿಟ್ಟ ಕೃತಿ.

ಕಾಲೇಜಿನ ಸ್ಥಳವನ್ನೂ ಗಮನಿಸಬೇಕು. ಅದು ನಗರದ ನಡುವೆ ಇತ್ತು. ಮೆರವಣಿಗೆಯ ಕೂಗು ಪ್ರಯೋಗಶಾಲೆಯ ಕಿಟಕಿಗೆ ಕೇಳಿಸುವಷ್ಟು ಹತ್ತಿರದಲ್ಲಿ ಬೀದಿ. 1942ರ ಆಗಸ್ಟಿನಲ್ಲಿ ಆ ಕೂಗು ಎದ್ದಾಗ ನರಸಿಂಹಯ್ಯ ಆನರ್ಸ್‌ನ ಕೊನೆಯ ವರ್ಷದಲ್ಲಿದ್ದರು. ಪದವಿ ಕೈಗೆಟಕುವಷ್ಟು ಸಮೀಪವಿತ್ತು. ಬಡವರ ಮನೆಯ ಮಗನಿಗೆ ಆ ಪದವಿಯೆಂದರೆ ಸಂಬಳ, ಮನೆಯವರ ಅನ್ನ, ನಡೆದು ಬಂದ ದಾರಿಯ ಪ್ರತಿಫಲ. ಅದನ್ನು ಬಿಟ್ಟು ಅವರು ಚಳವಳಿಗೆ ಹೋದರು. ಬೆಂಗಳೂರು, ಮೈಸೂರು, ಪುಣೆಯ ಯರವಡಾ, ಹೀಗೆ ಸೆರೆಮನೆಗಳು ಬದಲಾದವು. ಈ ಪ್ರಸಂಗವನ್ನು ತ್ಯಾಗವೆಂದು ಹೊಗಳಿ ಮುಂದೆ ಸಾಗುವುದು ಸುಲಭ. ಹೆಚ್ಚು ಯೋಚಿಸಬೇಕಾದದ್ದು ಅನಂತರದ ಸಂಗತಿ. ಬಿಡುಗಡೆಯಾದ ಮೇಲೆ ಅವರು ರಾಜಕೀಯಕ್ಕೆ ಹೋಗಲಿಲ್ಲ. ಅದೇ ಕಾಲೇಜಿಗೆ, ಅದೇ ವಿಷಯಕ್ಕೆ ಹಿಂದಿರುಗಿದರು. ತಮಗಿಂತ ಕಿರಿಯರ ಜೊತೆ ಬೆಂಚಿನಲ್ಲಿ ಕುಳಿತು ಬಿಟ್ಟ ಪಾಠವನ್ನು ಮುಗಿಸಿದರು. 1946ರಲ್ಲಿ ಎಂ.ಎಸ್‌ಸಿ. ಪಡೆದು ಅದೇ ವರ್ಷ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಬಿಟ್ಟು ಹೋಗುವುದಕ್ಕೆ ಒಂದು ಬಗೆಯ ಧೈರ್ಯ ಬೇಕು. ಮರಳಿ ಬಂದು ಮಾಪಕದ ಮುಂದೆ ಕುಳಿತುಕೊಳ್ಳುವುದಕ್ಕೆ ಬೇರೆಯದೇ ಬೇಕು. ಎರಡನೆಯದನ್ನು ನಮ್ಮ ಚರಿತ್ರೆಗಳು ಅಷ್ಟಾಗಿ ದಾಖಲಿಸುವುದಿಲ್ಲ.

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನ ಕುರಿತು ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದ ಅವರು ಸಂಶೋಧಕರಾಗಿ ಮುಂದುವರಿಯಲಿಲ್ಲ. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ಉಪನ್ಯಾಸ, ಕೇಳಲು ಯಾರು ಬೇಕಾದರೂ ಬರಬಹುದು. ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. 1936ರ ಅನುವಾದಕ ಬಾಲಕ ಇಲ್ಲಿ ಮತ್ತೆ ಕಾಣುತ್ತಾನೆ.

ಇಂಥವರು ಕುಲಪತಿಯಾದಾಗ ವಿಶ್ವವಿದ್ಯಾಲಯ ನಾಯಂಡಹಳ್ಳಿಯ ಆಚೆಗೆ ಹೋಯಿತು ಎಂಬಲ್ಲಿ ಒಂದು ವಿಪರ್ಯಾಸವಿದೆ. 1964ರಲ್ಲಿ ಹುಟ್ಟಿದ ಸಂಸ್ಥೆಗೆ ನಗರದ ನಡುವಿನ ಹಳೆಯ ಕಟ್ಟಡಗಳು ಸಾಲವು ಎಂಬುದು ನಿಜ. ಪ್ರಯೋಗಶಾಲೆಗಳಿಗೆ ಜಾಗ ಬೇಕು, ಗ್ರಂಥಾಲಯಕ್ಕೆ, ವಿದ್ಯಾರ್ಥಿನಿಲಯಗಳಿಗೆ ಜಾಗ ಬೇಕು. ಈ ವಾದದಲ್ಲಿ ಲೋಪ ಹುಡುಕುವುದು ಕಷ್ಟ. ಆದರೂ ಕೇಳಬಹುದಾದ ಮಾತೊಂದು ಉಳಿಯುತ್ತದೆ. ಕುಲಪತಿಯನ್ನು ರೂಪಿಸಿದ ಕಾಲೇಜಿಗೆ ಬೀದಿ ಕೂಗಳತೆಯಲ್ಲಿತ್ತು. ಅವರ ಕೈಕೆಳಗೆ ಬೆಳೆದ ಆವರಣದಲ್ಲಿ ಒಂದು ವಿಭಾಗದಿಂದ ಮತ್ತೊಂದಕ್ಕೆ ಹೋಗಲು ಬಯಲು ದಾಟಬೇಕು. ಸಂಜೆಯ ಬಸ್ಸು ತಪ್ಪಿದರೆ ನಾಯಂಡಹಳ್ಳಿಯವರೆಗೆ ನಡೆಯಬೇಕು. ಮೆರವಣಿಗೆ ಅತ್ತ ಹಾಯುವುದಿಲ್ಲ. ಭೌತವಿಜ್ಞಾನದ ವಿದ್ಯಾರ್ಥಿ ಕನ್ನಡದ ಮೇಷ್ಟ್ರನ್ನು ಆಕಸ್ಮಿಕವಾಗಿ ಎದುರಾಗುವ ಓಣಿಗಳು ಅಲ್ಲಿಲ್ಲ. ಈ ಕೊರತೆ ಅವರ ಅರಿವಿಗೆ ಬಂದಿರಲಿಲ್ಲ ಎನ್ನಲಾಗದು. ಸಂಗೀತ, ನೃತ್ಯ, ನಾಟಕಗಳನ್ನು ವಿಶ್ವವಿದ್ಯಾಲಯದ ವ್ಯಾಸಂಗಕ್ಕೆ ತಂದುದರಲ್ಲಿ ಅದನ್ನು ತುಂಬುವ ಯತ್ನವೂ ಇದ್ದಿರಬೇಕು.

1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಅವರು ರಚಿಸಿದ ಸಮಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದು ವಿಶ್ವವಿದ್ಯಾಲಯದ ಕೆಲಸವೇ ಎಂದು ಆಗಲೇ ಹಲವರು ಕೇಳಿದರು; ಕೇಳಿದವರೆಲ್ಲ ಭಕ್ತರಾಗಿರಲಿಲ್ಲ. ಪ್ರಯೋಗಕ್ಕೆ ಉಪಕರಣ ಬೇಕು, ಪರೀಕ್ಷೆಗೆ ಒಳಪಡುವವರ ಸಮ್ಮತಿ ಬೇಕು. ಸಮಿತಿಯ ಕೈಯಲ್ಲಿದ್ದುದು ಪತ್ರ ಬರೆದು ಪ್ರಶ್ನೆ ಕೇಳುವ ಅಧಿಕಾರ ಮಾತ್ರ, ಅದಕ್ಕೆ ಉತ್ತರವೂ ಬರಲಿಲ್ಲ. ವಿಜ್ಞಾನದ ಕ್ರಮವೆಂದು ನೋಡಿದರೆ ಅದು ಅಪೂರ್ಣ. ಆದರೆ ಜ್ಞಾನಭಾರತಿಯ ಬಯಲಿನಲ್ಲಿದ್ದ ವಿದ್ಯೆಯನ್ನು ಮತ್ತೆ ಬೀದಿಯ ಮಾತಿಗೆ ಎಳೆದು ತಂದದ್ದು ಅದೇ. ಪ್ರಯೋಗಶಾಲೆಯ ಕಿಟಕಿಯಾಚೆಗಿನ ಕೂಗನ್ನು ಕೇಳಿ ಹೊರಬಂದಿದ್ದ ವಿದ್ಯಾರ್ಥಿ ಈ ಸಲ ತಾನೇ ಕಿಟಕಿ ತೆರೆದ.

ಅವರು ಮಾತ್ರ ನಾಯಂಡಹಳ್ಳಿಯ ಆಚೆಗೆ ವಾಸ ಬದಲಿಸಿದವರಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಅವರ ಮನೆ. ಕುಲಪತಿಯ ಪದವಿ ಬಂತು, ಪದ್ಮಭೂಷಣ ಬಂತು; ವಿಳಾಸ ವಿದ್ಯಾರ್ಥಿಯದೇ ಉಳಿಯಿತು. ಅವರು ಮುನ್ನಡೆಸಿದ ಶಿಕ್ಷಣ ಸಂಸ್ಥೆ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ಕಾಲೇಜು ತೆರೆಯಿತು. ಆ ಸೀಮೆಯ ಮಕ್ಕಳು ಕಾಲೇಜಿಗಾಗಿ ಬೆಂಗಳೂರಿಗೇ ಬರಬೇಕಾದ ಕಾಲ ಅಲ್ಲಿಗೆ ಮುಗಿಯಿತು.

ಈಗ ನಮ್ಮ ಮೆಟ್ರೋದ ನಕ್ಷೆಯಲ್ಲಿ ಎರಡು ನಿಲ್ದಾಣಗಳಿವೆ. ನೇರಳೆ ಮಾರ್ಗದಲ್ಲಿ ಜ್ಞಾನಭಾರತಿ, ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು. ಮೊದಲನೆಯದರಲ್ಲಿ ಹತ್ತಿದ ವಿದ್ಯಾರ್ಥಿ ನಾಯಂಡಹಳ್ಳಿ ದಾಟಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಎರಡನೆಯದರಲ್ಲಿ ಇಳಿಯಬಹುದು. ಆ ದಾರಿಯಲ್ಲೇ ಸೆಂಟ್ರಲ್ ಕಾಲೇಜಿನ ಹೆಸರಿನ ನಿಲ್ದಾಣವೂ ಇದೆ, ಆದರೆ ಅದು ಮೆಜೆಸ್ಟಿಕ್‌ನಿಂದ ಒಂದು ನಿಲ್ದಾಣ ಮುಂದೆ. ಗಾಡಿ ಬದಲಿಸುವ ಅವಸರದಲ್ಲಿರುವವನು ಅಲ್ಲಿಯವರೆಗೆ ಹೋಗುವುದಿಲ್ಲ.