ಗುಡುಗುಡಿ ಹಾಡು ಮತ್ತು ನಿಪ್ಪಾಣಿ ಅತ್ತಿ

ಮೊನ್ನೆ ಬಸ್ಸಲ್ಲಿ ಪಕ್ಕದ ಸೀಟಿನ ಹುಡುಗನ ಮೊಬೈಲಿನಲ್ಲಿ ರಘು ದೀಕ್ಷಿತ್ ಹಾಡು ಕೇಳಿಸ್ತು. ಅದೇ, ಷರೀಫಜ್ಜನ ಗುಡುಗುಡಿ ಹಾಡು. ಕೇಳ್ತಿದ್ದ ಹಾಗೇ ನಿಪ್ಪಾಣಿ ಅತ್ತಿ ನೆನಪಾದಳು. ಬರೆಯದೇ ಇರೋಕೆ ಆಗಲಿಲ್ಲ.

ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ. ಹೊರತಂದವರು ವಿಶಾಲ್-ಶೇಖರ್ ಜೋಡಿ. ಎಂಟು ಹಾಡುಗಳಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಜೊತೆಗೆ ಶಿಶುನಾಳ ಷರೀಫರ (1819-1889) ಎರಡು ಪದ. ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಗಿಟಾರು ಹಿಡಿದು ಹಾಡುವ ಈ ಮೈಸೂರಿನ ಮನುಷ್ಯ ನನಗೆ ಹುಚ್ಚು ಹಿಡಿಸಿಬಿಟ್ಟ. ಅಲ್ಲಿವರೆಗೆ ಷರೀಫ ಅಂದ್ರೆ ನಮಗೆಲ್ಲ ಸಿ. ಅಶ್ವಥ್ ದನಿ, 1990ರ ನಾಗಾಭರಣರ ಸಿನಿಮಾ, ಅಷ್ಟೇ.

ಸುಳ್ಳು ಹೇಳಿದೆ. ಅದಕ್ಕೂ ಮೊದಲು ಅಜ್ಜ ಇದ್ದ. ರಾಯಬಾಗ ಕಡೆಯ ನಮ್ಮೂರಲ್ಲಿ ಅಮಾಸಿ ಭಜನಿಯಲ್ಲಿ ದಮ್ಮಡಿ ಬಡೀತಾ ಇದೇ ಪದ ಹಾಡ್ತಿದ್ದ. ಗಿಟಾರಿನ ಓಟ ಇಲ್ಲ, ಎಳೆದು ಎಳೆದು, ನಡುವೆ ಎಲೆಅಡಿಕೆ ಹಾಕ್ಕೊಂಡು, ಆರಾಮಾಗಿ.

ಆ ಸಲ ರಜೆಗೆ ನಿಪ್ಪಾಣಿಗೆ ಹೋದಾಗ ಅತ್ತಿಗೆ ಹಾಡು ಕೇಳಿಸಿದೆ. ಅಜ್ಜನ ಮಗಳಲ್ವಾ, ಖುಷಿ ಪಡ್ತಾಳೆ ಅಂದ್ಕೊಂಡಿದ್ದೆ. ಅರ್ಧಕ್ಕೇ ಕೈ ಅಡ್ಡ ಹಿಡಿದಳು.

"ಬಂದ್ ಮಾಡೋ ತಮ್ಮಾ. ಇವಂಗ ತಂಬಾಕದ ಘಾಟ ಗೊತ್ತೈತೇನ?"

"ಅತ್ತಿ, ಅದು ಹೊಗಿಸೊಪ್ಪಿನ ಹಾಡಲ್ರೀ. ಗುಡುಗುಡಿ ನೆಪ ಮಾಡಿ ಷರೀಫಜ್ಜ ಅಧ್ಯಾತ್ಮ ಹೇಳ್ಯಾನ" ಅಂತ ನಾನು ಜಾಣತನ ತೋರಿಸಿದೆ.

"ನನಗ ಹೇಳಬ್ಯಾಡ. ನಿಮ್ಮಜ್ಜ ಈ ಪದ ಮುಗಿಸಿ ಎಷ್ಟೊತ್ತು ಕೆಮ್ಮತಿದ್ದ, ನೆನಪೈತೇನ ನಿನಗ?"

ನೆನಪಿರಲಿಲ್ಲ. ಹಾಡು ಮಾತ್ರ ಇಟ್ಕೊಂಡು ಕೆಮ್ಮು ಬಿಟ್ಟಿದ್ದೆ.

ಮದುವೆಯಾಗಿ ನಿಪ್ಪಾಣಿಗೆ ಬಂದ ಅತ್ತಿ ವರ್ಷಗಟ್ಟಲೆ ತಂಬಾಕದ ವಖಾರದಲ್ಲಿ ದುಡಿದವಳು. ಬೀಡಿಗೆ ಹೋಗುವ ಪುಡಿಯನ್ನು ಬಡಿಯೋದು, ಸೋಸೋದು. ಮೂಗಿಗೆ ಸೆರಗು ಕಟ್ಟಿಕೊಂಡರೂ ಸೀನು ನಿಲ್ತಿರಲಿಲ್ಲವಂತೆ. ರಾತ್ರಿ ರೊಟ್ಟಿ ಬಡಿದರೆ ರೊಟ್ಟಿಯೂ ಕಹಿ. ನಿಪ್ಪಾಣಿ ಅಂದ್ರೆ ನಮಗೆ 1981ರ ರೈತರ ಚಳವಳಿ ಗೊತ್ತು. ತಂಬಾಕಿಗೆ ಬೆಲೆ ಕೇಳಿ ಹೆದ್ದಾರಿ ತಡೆದದ್ದು, ಗೋಲಿಬಾರಿನಲ್ಲಿ ರೈತರು ಸತ್ತದ್ದು. ವಖಾರದ ಹೆಂಗಸರೂ ಸಂಘ ಕಟ್ಟಿ ಹೋರಾಡಿದ್ದು ಎಷ್ಟು ಜನಕ್ಕೆ ಗೊತ್ತು? ದೀಪಾ ಧನರಾಜ್ ಇದ್ದ ಯುಗಾಂತರ್ ತಂಡ 1982ರಲ್ಲಿ ಅವರ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದೆ. ನಾನು ನೋಡಿದ್ದು ಅತ್ತಿ ಹೋದ ಮೇಲೆ. ಆ ಮುಖಗಳ ನಡುವೆ ಅವಳನ್ನೇ ಹುಡುಕ್ತಾ ಕೂತಿದ್ದೆ...

ಅವತ್ತು ನಾನು ಸುಮ್ಮನೆ ಕೂತಿದ್ದು ನೋಡಿ ಅತ್ತಿಗೇ ಪಾಪ ಅನ್ನಿಸಿರಬೇಕು. "ಬ್ಯಾರೆ ಯಾವದರ ಹಚ್ಚು" ಅಂದಳು. ಮಾಳಿಗೆ ಹಾಡು ಹಚ್ಚಿದೆ. ಈ ಸಲ ಕೈ ಅಡ್ಡ ಬರಲಿಲ್ಲ. ಮುಗಿದ ಮೇಲೆ ಮತ್ತೊಮ್ಮೆ ಹಚ್ಚಿಸಿದಳು.

"ನಮ್ಮದೂ ಮಣ್ಣಿನ ಮ್ಯಾಳಗಿ ಇತ್ತಲ್ಲೋ. ಮಳಿ ಹತ್ತಿತಂದ್ರ ನಮ್ಮಪ್ಪ ಗ್ವಾಣಿಚೀಲ ಹೊತಗೊಂಡು ಮ್ಯಾಲೆ ಏರಿ ಮಣ್ಣ ತುಳೀತಿದ್ದ. ಕೆಳಗ ನಾವು ಸೋರೋ ಕಡೆ ಭಾಂಡಿ ಇಡತಿದ್ವಿ."

ಅಲ್ಲೂ ಷರೀಫ ಅಧ್ಯಾತ್ಮವನ್ನೇ ಹೇಳಿದ್ದಾನೆ ಅನ್ನೋ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. :)

ಅಜ್ಜನ ದನಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಮನೇಲಿ ಟೇಪ್ ರೆಕಾರ್ಡರ್ ಇತ್ತು, ಅದರಲ್ಲಿ ಸಿನಿಮಾ ಹಾಡು ತುಂಬಿಸಿದ್ವಿ. ಕೈಯಲ್ಲಿ ಮೊಬೈಲ್ ಇದ್ದರೂ ಅತ್ತಿಯ ಮಾತನ್ನೂ ನಾನು ರೆಕಾರ್ಡ್ ಮಾಡಲಿಲ್ಲ. ಈಗ ಗುಡುಗುಡಿ ಹಾಡು ಬಂದಾಗಲೆಲ್ಲ ಕೊನೆಗೊಂದು ಕೆಮ್ಮು ಕೇಳಿಸುತ್ತೆ. ಯಾವ ಆಲ್ಬಮ್ಮಿನಲ್ಲೂ ಅದಿಲ್ಲ.

ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಇವತ್ತೇ ಮೊಬೈಲ್ ಆನ್ ಮಾಡಿಡಿ. ಹಾಡು ಮುಗಿದ ಕೂಡಲೇ ಆಫ್ ಮಾಡಬೇಡಿ.