ಹೆಸರಿಲ್ಲದ ಚಿತ್ತಾರ

ಬಳ್ಳಿಗಾವಿ ಅಂದರೆ ಎಲ್ಲರೂ ಕೇದಾರೇಶ್ವರ ಗುಡಿಯ ಮಾತೇ ಆಡುತ್ತಾರೆ. ನನಗೆ ಮಾತ್ರ ದಾಸೋಜನ ನೆನಪು. ನಮ್ಮೂರಿನ ಈ ಶಿಲ್ಪಿ, ಅವನ ಮಗ ಚಾವಣ ಇಬ್ಬರೂ ಬೇಲೂರಿನಲ್ಲಿ ಮದನಿಕೆಯರನ್ನು ಕಡೆದು, ಕೆಳಗೆ ತಮ್ಮ ಹೆಸರು ಕೆತ್ತಿದರು. ಇಂದಿಗೂ ಓದಬಹುದು!

ಇತ್ತ ಸೊರಬ, ಸಾಗರದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಲಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಕೈ ಗೆರೆ ಎಳೆಯುತ್ತಿದ್ದರೆ ಬಾಯಲ್ಲಿ ಹಾಡು. ಭೂಮಿ ಹುಣ್ಣಿಮೆ ಬಂತೆಂದರೆ ಬುಟ್ಟಿಗೂ ಸಗಣಿ, ಕೆಮ್ಮಣ್ಣು ಸಾರಿಸಿ ಚಿತ್ತಾರ. ಬಸುರಿ ಪೈರಿಗೆ ಬಯಕೆಯ ಊಟ ಹೋಗುವುದು ಆ ಭೂಮಣ್ಣಿ ಬುಟ್ಟಿಯಲ್ಲೇ. ಇಷ್ಟೆಲ್ಲ ಬರೆದವಳ ಹೆಸರು ಮಾತ್ರ ಎಲ್ಲೂ ಇಲ್ಲ.

ಪರಿಚಯದ ಅಜ್ಜಿಯೊಬ್ಬರನ್ನು ಕೇಳಿಯೇಬಿಟ್ಟೆ. "ಗೆರೆ ನೋಡಿದ್ರೆ ಯಾರ ಕೈ ಅಂತ ಊರಿಗೇ ಗೊತ್ತಲ್ಲ ತಂಗಿ" ಅಂದರು. ಊರಿನ ಮಟ್ಟಿಗೆ ಸರಿ. ಆದರೆ ಈಗ ಚಿತ್ತಾರ ಕಾಗದಕ್ಕೆ, ಬಟ್ಟೆಗೆ ಇಳಿದು ಪಟ್ಟಣದ ಗೋಡೆ ಸೇರುತ್ತಿದೆ. ಅಲ್ಲಿ ಆ ಕೈಯ ಗುರುತು ಯಾರಿಗಿದೆ, ಹೇಳಿ?

ಅಜ್ಜಿಯ ಸೊಸೆ ಈಗ ಕಾಗದದ ಮೂಲೆಯಲ್ಲಿ ಅತ್ತೆಯ ಹೆಸರು, ತನ್ನ ಹೆಸರು ಎರಡನ್ನೂ ಬರೆಯುತ್ತಾಳೆ. ಅಜ್ಜಿಗೆ ಅದರ ಗೊಡವೆಯಿಲ್ಲ. ಅಂಗಡಿ ಬಣ್ಣದ ವಾಸನೆಗೇ ಅವರ ತಕರಾರು.