ಮಹಡಿಯ ಮೇಲಿನ ಸಂಗೀತ

ಗದ್ದಲದ ವಿಷಯದಲ್ಲಿ ಯಲಹಂಕದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1996ರಲ್ಲಿ ನಮ್ಮ ವಾಯುನೆಲೆಯಲ್ಲಿ ವಿಮಾನಗಳ ಪ್ರದರ್ಶನ ಮೊದಲಾದಂದಿನಿಂದ, ಆ ಸಡಗರ ಬಂದಾಗಲೆಲ್ಲ ತಲೆಯ ಮೇಲೆ ಆಕಾಶವೇ ಸೀಳಿಹೋಗುತ್ತದೆ. ತರಗತಿಯಲ್ಲಿ ನಾನು ಪಂಪನ ಕರ್ಣನನ್ನು ಕಷ್ಟಪಟ್ಟು ರಣರಂಗಕ್ಕೆ ಕರೆತರುವ ಹೊತ್ತಿಗೆ ಸರಿಯಾಗಿ ಯುದ್ಧವಿಮಾನವೊಂದು ಹಾದುಹೋಗಿ, ಹುಡುಗರು ಕರ್ಣನನ್ನು ಅಲ್ಲಿಯೇ ಬಿಟ್ಟು ಕಿಟಕಿಗೆ ಓಡಿದ್ದುಂಟು. ಅದನ್ನೆಲ್ಲ ಸಹಿಸಿದವನಿಗೆ ಮಹಡಿಯ ಮೇಲಿನ ಬಾಡಿಗೆಯ ಹುಡುಗನ ಸಂಗೀತ ಸಹಿಸುವುದು ಮಾತ್ರ ಕಷ್ಟವಾಯಿತು. ವಿಮಾನ ಬಂದರೆ ಹೋಗುತ್ತದೆ. ಇದು ಹೋಗುವುದೇ ಇಲ್ಲ.

ಬೀದಿಯ ಹಿರಿಯರು ಸಭೆ ಸೇರಿ, "ಮೇಷ್ಟರು ಹೇಳಿದರೆ ಕೇಳುತ್ತಾನೆ" ಎಂದು ನನ್ನನ್ನು ರಾಯಭಾರಕ್ಕೆ ನೇಮಿಸಿದರು. ಹುಡುಗ ಸಭ್ಯ; ಹಗಲೆಲ್ಲ ಯಾವುದೋ ಕಂಪನಿಯಲ್ಲಿ ದುಡಿದು ರಾತ್ರಿ ಕಂಪ್ಯೂಟರಿನಲ್ಲಿ ತಾನೇ ಸಂಗೀತ ಕಟ್ಟುವವನು. ನನಗೆ ಕುರ್ಚಿ ಕೊಟ್ಟ, ಕಾಫಿ ಕೊಟ್ಟ, ಆಮೇಲೆ ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನೂ ಕೊಟ್ಟ. "ಮೊದಲು ಇದನ್ನು ಕೇಳಿ ಸಾರ್, ನಮಗೆಲ್ಲ ಇದೇ ಮೂಲ" ಎಂದ. ಬರ್ಲಿನ್ನಿನ ಅಲೆಕ್ ಎಂಪೈರ್ ಎಂಬಾತ 1996ರಲ್ಲಿ ಹೊರತಂದ 'ದಿ ಡಿಸ್ಟ್ರಾಯರ್' ಎಂಬ ಆಲ್ಬಂ ಅದು. ಹೆಸರೇ 'ವಿನಾಶಕ'. ನಮ್ಮೂರಿಗೆ ಯುದ್ಧವಿಮಾನಗಳ ಪ್ರದರ್ಶನ ಬಂದದ್ದೂ ಅದೇ ವರ್ಷ. ಕಾಲಪುರುಷನಿಗೂ ಒಂದಿಷ್ಟು ಹಾಸ್ಯಪ್ರಜ್ಞೆ ಇದ್ದಂತೆ ಕಾಣುತ್ತದೆ.

ಕೇಳಿದೆ. ಜಲ್ಲಿ ತುಂಬಿದ ಲಾರಿಯೊಂದು ಹೆಬ್ಬಾಳದ ಮೇಲ್ಸೇತುವೆಯಿಂದ ಉರುಳುತ್ತಿದೆ, ಆದರೆ ತಾಳ ತಪ್ಪದೆ ಉರುಳುತ್ತಿದೆ, ಹಾಗಿತ್ತು. ಆ ಸಿಟ್ಟಿಗೆ ಕಾರಣವಿದೆ. ಗೋಡೆ ಬಿದ್ದ ಮೇಲಿನ ಜರ್ಮನಿಯಲ್ಲಿ ಹೊಸ ನಾಜಿಗಳು ತಲೆಯೆತ್ತಿದಾಗ, ಅವರ ವಿರುದ್ಧ ಕೂಗಲೆಂದೇ ಈತ 1992ರಲ್ಲಿ ಗೆಳೆಯರೊಡನೆ 'ಅಟಾರಿ ಟೀನೇಜ್ ರಯಟ್' ಎಂಬ ತಂಡ ಕಟ್ಟಿದ್ದ. ಮುಂದೆ ಬ್ರೇಕ್‌ಕೋರ್ ಎಂದು ಹೆಸರಾದ ಸಂಗೀತಕ್ಕೆ ದಾರಿ ತೋರಿಸಿದವುಗಳಲ್ಲಿ 'ದಿ ಡಿಸ್ಟ್ರಾಯರ್' ಒಂದೆಂದು ಬಲ್ಲವರು ಹೇಳುತ್ತಾರೆ. ಕೆನಡಾದ ಆರನ್ ಫಂಕ್ ಎಂಬಾತ 'ವೆನಿಷಿಯನ್ ಸ್ನೇರ್ಸ್' ಎಂಬ ಹೆಸರಿನಲ್ಲಿ ಇದೇ ದಾರಿ ಹಿಡಿದು, 2005ರ ತನ್ನ ಆಲ್ಬಮ್ಮನ್ನು ಬಹುಪಾಲು ಏಳರ ಎಣಿಕೆಯಲ್ಲಿಯೇ ಕಟ್ಟಿದನಂತೆ. ಏಳು ಎಂದರೆ ನಮ್ಮ ಮಿಶ್ರಛಾಪು. ಆ ಭಾಗ ಬಂದಾಗ ನನ್ನ ಬೆರಳು ತಾನಾಗಿಯೇ ತೊಡೆಯ ಮೇಲೆ ಆಡಿತು. ಹುಡುಗ ಅದನ್ನು ನೋಡಿಬಿಟ್ಟ.

ಕೆಲಸದ ಗುಟ್ಟನ್ನೂ ಹೇಳಿದ. ಹಾಡಿನಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಮು ಒಂದೇ ನುಡಿಯುವ ಜಾಗಕ್ಕೆ ಬ್ರೇಕ್ ಎನ್ನುತ್ತಾರೆ. ಅದನ್ನು ಒಂದೊಂದು ಪೆಟ್ಟಾಗಿ ಕತ್ತರಿಸಿ, ವೇಗವನ್ನು ನಿಮಿಷಕ್ಕೆ 200 ಪೆಟ್ಟಿನವರೆಗೆ ಏರಿಸಿ, ಹೊಸ ಕ್ರಮದಲ್ಲಿ ಜೋಡಿಸುವುದು. ಕಂದಪದ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಗಣ ಮಾತ್ರ ಕೆಡದಂತೆ ಬೇರೆ ಪದ್ಯ ಹೊಸೆದಂತೆ. ಕಷ್ಟದ ವಿದ್ಯೆಯೇ.

ಆದರೆ ಕತ್ತರಿಸುವುದು ಯಾರ ಪೆಟ್ಟನ್ನು? ಈ ಜಾತಿಯ ಸಂಗೀತದಲ್ಲಿ ಮತ್ತೆ ಮತ್ತೆ ಬರುವುದು ಸುಮಾರು ಏಳು ಸೆಕೆಂಡಿನ ಒಂದೇ ತುಣುಕು. 1969ರಲ್ಲಿ ಅಮೆರಿಕದ ವಿನ್‌ಸ್ಟನ್ಸ್ ಎಂಬ ತಂಡದ 'ಆಮೆನ್, ಬ್ರದರ್' ಎಂಬ ಹಾಡಿನಲ್ಲಿ, ಗ್ರೆಗರಿ ಕೋಲ್ಮನ್ ಎಂಬ ಕರಿಯ ಕಲಾವಿದ ಬಾರಿಸಿದ ನಾಲ್ಕು ಆವರ್ತ. ಅದು ಗ್ರಾಮಫೋನ್ ತಟ್ಟೆಯ ಹಿಂಬದಿಯ ಹಾಡು. ಮುಂಬದಿಯ ಹಾಡಿಗೆ ಗ್ರ್ಯಾಮಿ ಬಂತು, ಹಿಂಬದಿಯದನ್ನು ಯಾರೂ ಕೇಳಲಿಲ್ಲ. 1980ರ ದಶಕದಿಂದ ಈಚೆಗೆ ಅದೇ ನಾಲ್ಕು ಆವರ್ತ ಸಾವಿರಾರು ಹಾಡುಗಳಲ್ಲಿ ಸೇರಿಕೊಂಡಿತು. ತಂಡದ ನಾಯಕ ರಿಚರ್ಡ್ ಸ್ಪೆನ್ಸರನಿಗೆ ಈ ಸಂಗತಿ ಗೊತ್ತಾದದ್ದೇ 1996ರಲ್ಲಿ. 2015ರಲ್ಲಿ ಬ್ರಿಟನ್ನಿನ ಕೆಲವರು ಚಂದಾ ಎತ್ತಿ ಅವನಿಗೆ 24,000 ಪೌಂಡು ಮುಟ್ಟಿಸಿದರು. ಕೋಲ್ಮನ್ನನಿಗೆ ಅದೂ ಇಲ್ಲ. ಆತ 2006ರಲ್ಲಿ ಅಟ್ಲಾಂಟಾದಲ್ಲಿ ಮನೆಯಿಲ್ಲದೆ, ಕಾಸಿಲ್ಲದೆ ತೀರಿಕೊಂಡಿದ್ದ. ಕೂಗೆದ್ದವರು ಅನ್ಯಾಯದ ವಿರುದ್ಧವೇ ಕೂಗಿದರು, ನಿಜ. ಕೂಗಿಗೆ ಹಿಡಿದ ತಾಳ ಮಾತ್ರ ಇಂಥವನದು.

ನಮ್ಮೂರಿನ ತಾಳವೂ ಜರ್ಮನಿಗೆ ಹೋಗಿಬಂದದ್ದುಂಟು. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. ಅವರ ಬಳಗ, ಗಾಯಕಿ ಆರ್. ಎ. ರಮಾಮಣಿ ಮತ್ತು ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಕೂಡಿ ನುಡಿಸಿದ 'ಜ್ಯೋತಿ' ಎಂಬ ಮುದ್ರಿಕೆ 1983ರಲ್ಲಿ ಮ್ಯೂನಿಕ್ಕಿನ ಇಸಿಎಂ ಸಂಸ್ಥೆಗಾಗಿ ಸಿದ್ಧವಾಯಿತು. ಅಲ್ಲಿ ತಾಳದ ಜೊತೆಗೆ ಹೆಸರೂ ಹೋಯಿತು. ಇಷ್ಟೇ ವ್ಯತ್ಯಾಸ, ಆದರೆ ಇದು ಸಣ್ಣ ವ್ಯತ್ಯಾಸವೆಂದು ನನಗನ್ನಿಸುವುದಿಲ್ಲ.

ಇದನ್ನೆಲ್ಲ ಹರಟುತ್ತಿರುವಾಗ ಹುಡುಗ ಹುಮ್ಮಸ್ಸಿನಿಂದ ತನ್ನ ಹೊಸ ಕೃತಿಯನ್ನು ಕೇಳಿಸಿದ. ಕೇಳುತ್ತಲೇ ಗುರುತು ಸಿಕ್ಕಿತು: ತಮಟೆ! ನಮ್ಮ ಬೀದಿಯ ಗಣಪತಿ ಮೆರವಣಿಗೆಗೆ ದೊಡ್ಡಬಳ್ಳಾಪುರದ ರಸ್ತೆಯ ಕಡೆಯಿಂದ ಪ್ರತಿವರ್ಷ ಬರುತ್ತಿದ್ದಾತನ ತಮಟೆ. ಹುಡುಗ ಅದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದ. ಕಳೆದ ವರ್ಷ ಆತ ಬರಲಿಲ್ಲ. ನಮ್ಮ ಸಮಿತಿಯವರು ಲಾರಿಯ ಮೇಲೆ ಧ್ವನಿಪೆಟ್ಟಿಗೆಗಳನ್ನು ಕಟ್ಟಿ ತಂದಿದ್ದರು.

"ಆತನ ಹೆಸರೇನಪ್ಪ?" ಎಂದೆ.

"ಕೇಳಲಿಲ್ಲ ಸಾರ್."

ಮುಂದಿನ ಭಾನುವಾರ ಇಬ್ಬರೂ ಹುಡುಕಿಕೊಂಡು ಹೋದೆವು. ಆತ ಕಿವಿಗೆ ಯಂತ್ರ ಹಾಕಿಕೊಂಡು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. "ಬಲಗೈಯ ಕೋಲು ನಂದೇ. ಎಡಗೈಯ ಸಣ್ಣ ಕಡ್ಡಿ ಎಲ್ಲಿ ಹೋಯಿತು?" ಎಂದು ಕೇಳಿದ. ಆ ಪೆಟ್ಟುಗಳು ಬಹಳ ಮೆಲ್ಲಗಿದ್ದವು, ಕತ್ತರಿಸುವಾಗ ಬಿಟ್ಟುಹೋದವು ಎಂದು ಹುಡುಗ ತಡವರಿಸಿದ. "ಅದಿಲ್ಲದೆ ಕುಣಿಯೋದು ಹೆಂಗೆ ಸ್ವಾಮಿ?" ಎಂದು ಆತ ನನ್ನ ಕಡೆ ತಿರುಗಿದ.

ಆಮೇಲೆ ದುಡ್ಡಿನ ಮಾತು ಬಂತು. ಹುಡುಗ ಒಂದು ಮೊತ್ತ ಹೇಳಿದ. ಆತ ಮೆರವಣಿಗೆಯ ದಿನದ ಲೆಕ್ಕ ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಒಪ್ಪಂದವಾದ ಮೇಲೆ ಆತ ಅಂಗಳದಲ್ಲಿ ನಾಲ್ಕು ಸೌದೆ ಹೊತ್ತಿಸಿ ತಮಟೆ ಕಾಯಿಸಲು ಕುಳಿತ. ಚರ್ಮ ಬಿಗಿಯಾಗುವವರೆಗೆ ಕಾಯಬೇಕೆಂದು ಹುಡುಗನಿಗೆ ಹೇಳಿ, ಫೋನನ್ನು ಇನ್ನೂ ನಾಲ್ಕು ಹೆಜ್ಜೆ ದೂರ ಇಡುವಂತೆ ಕೈ ತೋರಿಸಿದ.